ಕಾಲೆತ್ತಿದರೂ ಇಳಿಯದ ಸದ್ದು

ಅರವತ್ತೆಂಟು ವರ್ಷದ ಮನುಷ್ಯನೊಬ್ಬ ಗಂಟೆಗೆ ನೂರು ಮೈಲಿ ವೇಗದಲ್ಲಿ ಮೂಗಿನ ನೇರಕ್ಕೆ ಕಾಲು ಮೈಲಿ ಹೋಗಿ ನಿಲ್ಲುವುದಕ್ಕೋಸ್ಕರ ಆರು ಚಳಿಗಾಲ ಗ್ಯಾರೇಜಿನಲ್ಲಿ ಕೂತ ಎಂದರೆ ಯಾರು ತಾನೇ ನಂಬುತ್ತಾರೆ? ದಾರಿಯಲ್ಲಿ ಒಂದು ತಿರುವಿಲ್ಲ, ಕೊನೆಯಲ್ಲಿ ಒಂದು ಊರಿಲ್ಲ. ಹೋದಷ್ಟೇ ದೂರ ಇನ್ನೊಂದು ಗಾಡಿಗೆ ಕಟ್ಟಿಸಿಕೊಂಡು ವಾಪಸು ಬರಬೇಕು. ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನ ಉಪೇಂದ್ರರಾಯರನ್ನು ಇದು ಯಾಕೆ ಎಂದು ಕೇಳಿದರೆ ಅವರಿಗೇ ಗೊತ್ತಿರಲಿಲ್ಲ. ಮಗಳು ವಿಭಾ ಫೋನಿನಲ್ಲಿ "ಬಟ್ ವೈ, ಡ್ಯಾಡ್?" ಎಂದಾಗಲೆಲ್ಲ ಅವರು "ಸುಮ್ನೆ ಕಣಮ್ಮ" ಎಂದು ಮಾತು ಬದಲಾಯಿಸುತ್ತಿದ್ದರು. ಕಾರು ಕಾರ್ಖಾನೆಯ ಬ್ರೇಕ್ ವಿಭಾಗದಲ್ಲಿ ಮೂವತ್ತು ವರ್ಷ ಎಂಜಿನಿಯರಾಗಿದ್ದವರು ಅವರು. ಜೀವಮಾನವೆಲ್ಲ ಗಾಡಿ ನಿಲ್ಲಿಸುವ ಚಿಂತೆ ಮಾಡಿ, ನಿವೃತ್ತಿಯಾದ ಮೇಲೆ ಓಡಿಸುವ ಹುಚ್ಚು ಹಿಡಿಸಿಕೊಂಡರೆ ಹೆಂಡತಿ ಮಕ್ಕಳಾದರೂ ಏನು ಮಾಡಬೇಕು ಹೇಳಿ.

ಗಾಡಿ ಎಂದರೆ ಅದೇನು ಕಾರಿನಂತಿತ್ತೇ? ಉದ್ದನೆಯ ಎರಡು ಕಬ್ಬಿಣದ ಕೊಳವೆ, ಮುಂದೆ ಸೈಕಲ್ಲಿನದ್ದೇನೋ ಅನ್ನಿಸುವ ಎರಡು ಸಣ್ಣ ಚಕ್ರ, ಹಿಂದೆ ದಪ್ಪನೆಯ ಎರಡು ಚಕ್ರ, ನಡುವೆ ಯಾವುದೋ ಹಳೇ ಫೋರ್ಡ್ ಲಾರಿಯಿಂದ ಕಿತ್ತ ಎಂಟು ಸಿಲಿಂಡರಿನ ಎಂಜಿನ್. ಓಡಿಸುವವನು ಹಿಂದಿನ ಚಕ್ರಗಳಿಗೂ ಹಿಂದೆ ಒಂದು ಕಬ್ಬಿಣದ ಪಂಜರದಲ್ಲಿ ಕಾಲು ಚಾಚಿ ಕೂರಬೇಕು. ಈಗಿನ ಎಂಜಿನ್‌ಗಳಿಗೆ ವಾಲ್ವುಗಳು ತಲೆಯಲ್ಲಿರುತ್ತವೆ, ಇದಕ್ಕೆ ಪಕ್ಕೆಯಲ್ಲಿ. ಹಾಗಾಗಿ ತಲೆ ದೋಸೆ ಕಾವಲಿಯ ಹಾಗೆ ಮಟ್ಟಸ. ಅದಕ್ಕೇ ಫ್ಲಾಟ್‌ಹೆಡ್ ಎಂದು ಹೆಸರು. ನೆತ್ತಿಯ ಮೇಲೆ ಸಾಲಾಗಿ, ಗಾಳಿಗೆ ಪೆಟ್ರೋಲ್ ಬೆರೆಸುವ ಮೂರು ಕಾರ್ಬ್ಯುರೇಟರುಗಳು ಆಕಾಶಕ್ಕೆ ಬಾಯಿ ತೆರೆದುಕೊಂಡು ಕೂತಿದ್ದವು. ಧೂಳು ತಡೆಯುವ ಫಿಲ್ಟರ್ ಗಿಲ್ಟರ್ ಒಂದೂ ಇಲ್ಲ. ಆ ಬಾಯಿಗಳ ಆಳದಲ್ಲಿ ನಾಣ್ಯದಂಥ ಸಣ್ಣ ಮುಚ್ಚಳಗಳಿವೆ. ಪೆಡಲ್ ಒತ್ತಿದರೆ ತೆರೆದುಕೊಳ್ಳಬೇಕು, ಕಾಲು ತೆಗೆದರೆ ಮುಚ್ಚಿಕೊಳ್ಳಬೇಕು. ಮುಚ್ಚಿಕೊಳ್ಳದೇ ಹೋದರೆ ಗಾಡಿ ನಿಲ್ಲುವುದಿಲ್ಲ. ನೂರು ಮೈಲಿ ವೇಗದಲ್ಲಿ ನಿಲ್ಲದ ಗಾಡಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬ್ರೇಕ್ ಎಂಜಿನಿಯರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಈ ಕೆಲಸದಲ್ಲಿ ರಾಯರಿಗೆ ಅರ್ಧಕ್ಕರ್ಧ ಪಾಲುದಾರರು ಅಶ್ಫಾಕ್ ಡಾಕ್ಟರು. ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿ ಹಲ್ಲಿನ ಡಾಕ್ಟರು, ಹುಬ್ಬಳ್ಳಿಯವರು, ರಾಯರಿಗಿಂತ ನಾಲ್ಕೈದು ವರ್ಷ ಚಿಕ್ಕವರು. ಹಳೇ ಗಾಡಿ ಸಾಮಾನಿನ ಸಂತೆಯೊಂದರಲ್ಲಿ ತುಕ್ಕು ಹಿಡಿದ ಈ ಎಂಜಿನ್ ಮುಂದೆ ನಿಂತು ರಾಯರು "ಇದು ಈ ಜನ್ಮದಲ್ಲಿ ಬಿಚ್ಚಲ್ಲ" ಎಂದು ಗೊಣಗಿಕೊಂಡಾಗ, ಹಿಂದಿನಿಂದ ಒಂದು ದನಿ "ಬಿಚ್ಚತೈತ್ರಿ, ಹಲ್ಲಿಗಿಂತ ಗಟ್ಟಿ ಏನಲ್ಲ ಇದು" ಎಂದಿತ್ತು. ಅಲ್ಲಿಂದ ಶುರು. ತಿಂಗಳಿಗೊಮ್ಮೆ ಡಾಕ್ಟರು ಸುಮಾರು ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬಂದು ಎರಡು ದಿನ ಇದ್ದು ಹೋಗುತ್ತಿದ್ದರು. ಚಾಸಿ, ಬ್ರೇಕು, ಎಂಜಿನ್ನಿನ ಹೊಟ್ಟೆ ಎಲ್ಲ ರಾಯರ ಪಾಲು. ಕಾರ್ಬ್ಯುರೇಟರುಗಳು ಡಾಕ್ಟರ ಪಾಲು. ಕ್ಲಿನಿಕ್ಕಿನಲ್ಲಿ ಹಲ್ಲು ಕೆರೆಯುವ ಸಣ್ಣ ಕೊಕ್ಕೆಗಳಿಂದಲೇ ಅವರು ಪೆಟ್ರೋಲ್ ಹೋಗುವ ಸೂಜಿರಂಧ್ರಗಳನ್ನು ಶುಚಿ ಮಾಡುತ್ತಿದ್ದರು. ಅವರ ಹೆಂಡತಿ ನಜ್ಮುನ್ನೀಸಾ ಕಳಿಸುವ ಜೋಳದ ರೊಟ್ಟಿಗೆ ಪದ್ಮ ಎಣ್ಣೆಗಾಯಿ ಮಾಡುತ್ತಿದ್ದರು. ಪದ್ಮ ಎಂದರೆ ರಾಯರ ಹೆಂಡತಿ, ಈ ಗಾಡಿಯನ್ನು ಆರು ವರ್ಷ ಸಹಿಸಿಕೊಂಡವರು.

ಸಹನೆಗೂ ಒಂದು ಮಿತಿ ಇರುತ್ತದಲ್ಲ. ಆಗಸ್ಟ್‌ನಲ್ಲಿ ಗ್ಯಾರೇಜಿನಲ್ಲಿ ರಾಯರು ತಲೆ ಸುತ್ತಿ ನೆಲಕ್ಕೆ ಕುಸಿದು ಕೂತರು. ಅವತ್ತು ಡಾಕ್ಟರೂ ಅಲ್ಲೇ ಇದ್ದರು. ಪದ್ಮ ಜಗಳವಾಡಲಿಲ್ಲ, ಅಳಲಿಲ್ಲ. "ಈ ವರ್ಷ ಒಂದೇ ಒಂದು ಓಟ ಓಡಿಸಿ. ಆಮೇಲೆ ಗಾಡಿ ಡಾಕ್ಟ್ರಿಗೆ ಕೊಟ್ಬಿಡಿ. ಒಪ್ಪಿಗೆನಾ?" ಎಂದರು. ರಾಯರು ಒಪ್ಪಿದರು. ಹಳೇ ಗಾಡಿಗಳ ರೇಸು ಅಂತ ಇನ್ನು ಉಳಿದಿದ್ದದ್ದು ಅಕ್ಟೋಬರಿನ ಒಂದು ಭಾನುವಾರ ಮಾತ್ರ. ಅದು ತಪ್ಪಿದರೆ ಮುಗಿಯಿತು.

ಇಷ್ಟರ ನಡುವೆ ಡಾಕ್ಟರು ಒಂದು ದಿನ ಫೋನ್ ಮಾಡಿ, "ರಾಯರ, ಮೊದಲನೇ ಓಟ ನಾ ಹೊಡೀಲೇನು? ನಿಮಗ ಅವತ್ತ ಚಕ್ಕರ್ ಬಂದಿತ್ತಲ್ಲ" ಎಂದು ಕೇಳಿದ್ದರು.

"ನೀರು ಕುಡಿದಿರ್ಲಿಲ್ಲ, ಅಷ್ಟೇ. ಮೊದಲನೇದು ನಂದು ಅಂತ ಮಾತಾಗಿದೆಯಲ್ಲ ಡಾಕ್ಟ್ರೇ" ಎಂದು ರಾಯರು ಮಾತು ಮುಗಿಸಿದ್ದರು. ಡಾಕ್ಟರು "ಆತು ಬಿಡ್ರಿ" ಎಂದಿದ್ದರು. ಆದರೆ ಆ ಪ್ರಶ್ನೆ ರಾಯರ ಮನಸ್ಸಿನಲ್ಲಿ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಉಳಿದುಬಿಟ್ಟಿತು.

ಆಯುಧಪೂಜೆ ಆ ವರ್ಷ ಬುಧವಾರ ಬಂದಿತ್ತು. ಆದರೆ ಅಮೆರಿಕದಲ್ಲಿ ನಮ್ಮ ಹಬ್ಬಗಳೆಲ್ಲ ಪಂಚಾಂಗಕ್ಕಿಂತ ಹೆಚ್ಚಾಗಿ ಶನಿವಾರದ ಮಾತು ಕೇಳುತ್ತವೆ. ಡಾಕ್ಟರು ಶುಕ್ರವಾರ ಬಂದು, ಕಾರ್ಬ್ಯುರೇಟರುಗಳನ್ನು ಕೂರಿಸಿ, ಸಂಜೆ ಎಂಜಿನ್ ಚಾಲೂ ಮಾಡಿ ನೋಡಿದ್ದಾಗಿತ್ತು. ಕಾಲು ಒತ್ತಿದರೆ ಗುಡುಗು, ತೆಗೆದರೆ ತಕ್ಷಣ ಗುರ್ ಗುರ್ ಎಂದು ತಣ್ಣಗೆ ಇಳಿಯುತ್ತಿತ್ತು. ಪಕ್ಕದ ಮನೆಯವರು ಬಾಗಿಲಿಗೆ ಬರುವ ಮೊದಲು ಇಬ್ಬರೂ ನಗುತ್ತ ಆರಿಸಿದ್ದರು.

ಶನಿವಾರ ಬೆಳಗ್ಗೆ ಗ್ಯಾರೇಜಿನಲ್ಲಿ ಪೂಜೆ. ಕೊಳವೆಗಳಿಗೆ ಅರಿಶಿನ ಕುಂಕುಮ, ಪದ್ಮರ ಕುಂಡದ ಚೆಂಡುಹೂವು, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಕಾರ್ಬ್ಯುರೇಟರುಗಳ ಮೇಲೆ ಡಾಕ್ಟರು ಎಂದಿನಂತೆ ತಮ್ಮ ಹಸಿರು ಟವೆಲ್ ಹೊದಿಸಿದ್ದರು. ಎಂಜಿನ್ ಆರಿದ ಕೂಡಲೇ ಆ ಬಾಯಿಗಳನ್ನು ಮುಚ್ಚುವುದು ಅವರ ಅಭ್ಯಾಸ. ರಾಯರು ಅದನ್ನು ಎಳೆದು ಪಕ್ಕಕ್ಕಿಟ್ಟರು.

"ಟವೆಲ್ ಹಂಗ ಇರ್ಲಿ ಬಿಡ್ರಿ" ಎಂದರು ಡಾಕ್ಟರು.

"ಮುಖ ಮುಚ್ಚಿ ಪೂಜೆ ಮಾಡೋದುಂಟಾ ಡಾಕ್ಟ್ರೇ?" ಎಂದು ರಾಯರು ನಕ್ಕುಬಿಟ್ಟರು. ಡಾಕ್ಟರು ಟವೆಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು.

ಪದ್ಮ ತುಪ್ಪ ಹಾಕಿ ಕಲಸಿದ ಅಕ್ಷತೆಯನ್ನು ಗಂಡನ ಕೈಗೆ ಕೊಟ್ಟರು, ಡಾಕ್ಟರಿಗೂ ನೀಡಿ "ನೀವೂ ಹಾಕಿ" ಎಂದರು. ಡಾಕ್ಟರು ಎರಡೂ ಕೈಯಲ್ಲಿ ಇಸಿದುಕೊಂಡು ಮುಂದಿನ ಚಕ್ರದ ಮೇಲೆ ಮೆಲ್ಲಗೆ ಉದುರಿಸಿದರು. ರಾಯರದ್ದೆಲ್ಲ ಧಾರಾಳ. ಕಣ್ಣು ಮುಚ್ಚಿ, ಅರ್ಧ ನೆನಪಿದ್ದ ಮಂತ್ರವನ್ನು ಪೂರ್ತಿ ಗಟ್ಟಿಯಾಗಿ ಹೇಳಿ, ಎಂಜಿನ್ನಿಗೆ ಮದುವೆ ಗಂಡಿಗೆ ಹಾಕುವಷ್ಟು ಅಕ್ಷತೆ ಹಾಕಿದರು. ಆಮೇಲೆ ಮೂವರೂ ಸೇರಿ ಗಾಡಿಯನ್ನು ಕೈಯಲ್ಲೇ ತಳ್ಳಿ ನಿಂಬೆಹಣ್ಣು ಹಿಚುಕಿಸಿದರು.

ಕಾಫಿ ತರಲು ಒಳಗೆ ಹೋದ ರಾಯರು ಅಡುಗೆಮನೆಯ ಕಿಟಕಿಯಿಂದ ಸುಮ್ಮನೆ ಹೊರಗೆ ನೋಡಿದರು. ಗ್ಯಾರೇಜಿನ ಪಕ್ಕದ ಬಾಗಿಲು ತೆರೆದಿತ್ತು. ಡಾಕ್ಟರು ಹಣೆಗೆ ಸಣ್ಣ ದೀಪ ಕಟ್ಟಿಕೊಂಡು ಕಾರ್ಬ್ಯುರೇಟರುಗಳ ಮೇಲೆ ಬಗ್ಗಿದ್ದರು. ಕೈ ಒಳಗೆ ಹೋಗುತ್ತಿತ್ತು, ಬರುತ್ತಿತ್ತು. ನಡುವೆ ತಿರುಗಿ ಮನೆಯ ಕಡೆ ನೋಡಿದರು. ಅಂಗಿಯ ಜೇಬಿಗೆ ಏನನ್ನೋ ಹಾಕಿಕೊಂಡರು. ರಾಯರು ಕಾಫಿ ತರುವ ಹೊತ್ತಿಗೆ ಟವೆಲ್ ಮತ್ತೆ ತನ್ನ ಜಾಗದಲ್ಲಿತ್ತು.

"ಏನು ಮಾಡ್ತಿದ್ರಿ?"

"ಏನಿಲ್ರಿ, ಸುಮ್ನ ನೋಡಾಕತ್ತಿದ್ದೆ."

ಎಂದೂ ಯಾವುದನ್ನೂ ಸುಮ್ಮನೆ ನೋಡುವ ಮನುಷ್ಯ ಅವರಲ್ಲ. ರಾಯರಿಗೆ ಅದು ವಿಚಿತ್ರವೆನ್ನಿಸಿತು. ಆದರೆ ಕಾಫಿ ಆರುತ್ತದೆ ಎಂದು ಆ ಮಾತು ಅಲ್ಲಿಗೇ ಬಿಟ್ಟರು.

ಭಾನುವಾರ ಟ್ರ್ಯಾಕು ತಲುಪಿದಾಗ ಒಳ್ಳೇ ಬಿಸಿಲಿತ್ತು. ಎರಡೂ ಮನೆಗಳಿಗೆ ಹೆಚ್ಚುಕಡಿಮೆ ನಡುಮಧ್ಯೆ, ಹೈವೇ ಎಕ್ಸಿಟ್‌ನಿಂದ ಐದು ಮೈಲಿ ಒಳಗೆ, ಜೋಳದ ಹೊಲಗಳ ನಡುವೆ ಉದ್ದಕ್ಕೆ ಹಾಸಿದ ಒಂದು ಕಪ್ಪು ಪಟ್ಟಿ. ಪದ್ಮ ಮಡಚುವ ಕುರ್ಚಿ ಬಿಡಿಸಿ, ಪುಳಿಯೋಗರೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತರು. ಮಧ್ಯಾಹ್ನದ ನಮಾಜಿಗೆಂದು ಡಾಕ್ಟರು ಚಾಪೆ ಹಿಡಿದು ಟ್ರೈಲರಿನ ಆಚೆ ಬದಿಗೆ ಹೋದರು. ಅಷ್ಟರಲ್ಲಿ ಎಂಜಿನ್ ಬಿಸಿ ಮಾಡಿಕೊಳ್ಳೋಣವೆಂದು ರಾಯರು ಚಾಲೂ ಮಾಡಿದರು.

ಹೊತ್ತಿಕೊಂಡಿತು. ಪೆಡಲನ್ನು ಸ್ವಲ್ಪ ಒತ್ತಿದರು, ಗುಡುಗಿತು. ಕಾಲು ತೆಗೆದರು.

ಸದ್ದು ಇಳಿಯಲಿಲ್ಲ. ಎಂಜಿನ್ ಒಂದೇ ಸಮನೆ ಹೋ ಎಂದು ಕೂಗುತ್ತಲೇ ಇತ್ತು. ರಾಯರು ಕಾಲನ್ನು ಪೂರ್ತಿ ಮೇಲಕ್ಕೆತ್ತಿ ನೋಡಿದರು, ಆಗಲೂ ಕೂಗುತ್ತಿತ್ತು. ಗಾಬರಿಯಾಗಿ ಸ್ವಿಚ್ ಆರಿಸಿದರು. ಆ ಸದ್ದಿಗೆ ಟ್ರ್ಯಾಕಿನ ತಪಾಸಣೆಯ ಹೆಂಗಸು ನಡೆದು ಬಂದರು. ರಾಯರದ್ದೇ ವಯಸ್ಸು, ಬೆನ್ನಿಗೆ ಬಿಳಿಯ ಜಡೆ. ಪೆಡಲನ್ನು ಕೈಯಲ್ಲೇ ಒತ್ತಿ ಬಿಟ್ಟು ನೋಡಿ, ಇದು ತಾನಾಗಿ ಮುಚ್ಚಿಕೊಳ್ಳುವವರೆಗೆ ಗಾಡಿ ಓಟ ಶುರುವಾಗುವ ಗೆರೆಯ ಹತ್ತಿರವೂ ಬರುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ಮೃದುವಾಗಿಯೇ ಹೇಳಿದರು. ಕೊನೆಯ ಕರೆಗೆ ಇನ್ನು ಮುಕ್ಕಾಲು ಗಂಟೆ ಇದೆ ಎಂದೂ ಹೇಳಿ ಹೋದರು.

ರಾಯರಿಗೆ ತಲೆಬುಡ ತಿಳಿಯಲಿಲ್ಲ. ಶುಕ್ರವಾರ ಸಂಜೆ ಅಷ್ಟು ಚೆನ್ನಾಗಿದ್ದದ್ದಕ್ಕೆ ಈಗ ಏನು ಬಂತು? ನಡುವೆ ಒಮ್ಮೆಯೂ ಚಾಲೂ ಮಾಡಿಲ್ಲ, ಟ್ರೈಲರಿನ ಮೇಲೆ ಮಗುವಿನ ಹಾಗೆ ಕಟ್ಟಿಕೊಂಡು ಬಂದದ್ದು. ಪೆಡಲ್ ನೋಡಿದರು, ಸರಿಯಿತ್ತು. ಪೆಡಲಿನಿಂದ ಮುಚ್ಚಳಗಳಿಗೆ ಹೋಗುವ ಕಡ್ಡಿಗಳನ್ನು ನೋಡಿದರು, ಒಂದೂ ಸೊಟ್ಟಗಾಗಿರಲಿಲ್ಲ. ಮುಚ್ಚಳಗಳನ್ನು ಎಳೆದು ಮುಚ್ಚುವ ಸ್ಪ್ರಿಂಗ್ ಬದಲಾಯಿಸಿದರು. ಒಮ್ಮೆ ಮುಚ್ಚಿಕೊಂಡಿತು. ಸದ್ಯ, ಎಂದುಕೊಂಡು ಇನ್ನೊಮ್ಮೆ ಒತ್ತಿದರೆ ಅರ್ಧಕ್ಕೇ ನಿಂತಿತು. ಯಾವಾಗಲೂ ಕೆಟ್ಟಿರುವುದಾದರೆ ಹಿಡಿಯಬಹುದು. ಮನಸ್ಸು ಬಂದಾಗ ಕೆಡುವುದನ್ನು ಹೇಗಪ್ಪಾ ಹಿಡಿಯುವುದು?

ಕಡ್ಡಿಗಳನ್ನು ಕಳಚಿ ಮೂರನ್ನೂ ಬೇರೆ ಬೇರೆಯಾಗಿ ನೋಡಿದರು. ಮುಂದಿನದು ಸರಿ. ಹಿಂದಿನದು ಸರಿ. ನಡುವಿನದ್ದು ಸಿಕ್ಕಿಹಾಕಿಕೊಳ್ಳುತ್ತಿತ್ತು. ಬಗ್ಗಿ ಒಳಗೆ ನೋಡಿದರೆ ಕತ್ತಲೆ, ಮುಚ್ಚಳದ ಕೆಳಗಡೆ ಏನಿದೆಯೋ ಕಣ್ಣಿಗೆ ಸಿಗುವುದಿಲ್ಲ. ಈ ಕಾರ್ಬ್ಯುರೇಟರಿನೊಳಕ್ಕೆ ಕೈ ಹಾಕುವವರು ಒಬ್ಬರೇ. ಅಡುಗೆಮನೆಯ ಕಿಟಕಿ ರಾಯರಿಗೆ ನೆನಪಾಯಿತು. ಹಣೆಯ ದೀಪ, ತಿರುಗಿ ನೋಡಿದ ಮುಖ, ಜೇಬಿಗೆ ಹೋದ ಕೈ, ಆಮೇಲೆ ಆ 'ಏನಿಲ್ರಿ'. ಅದಕ್ಕೆ ಮುಂಚಿನ ಫೋನು.

ಛೆ, ಇರಲಿಕ್ಕಿಲ್ಲ ಎಂದಿತು ಒಂದು ಮನಸ್ಸು. ಹಾಗಾದರೆ ಜೇಬಿಗೆ ಏನು ಹಾಕಿಕೊಂಡರು ಎಂದಿತು ಇನ್ನೊಂದು. ಇವತ್ತು ಓಡದಿದ್ದರೆ ಪದ್ಮನ ಮಾತಿನಂತೆ ಗಾಡಿ ಸೀದಾ ಯಾರ ಮನೆಗೆ ಹೋಗುತ್ತದೆ, ಆಮೇಲೆ ಮೊದಲನೇ ಓಟ ಯಾರದ್ದಾಗುತ್ತದೆ? ಲೆಕ್ಕ ಕೂಡಿಬಿಟ್ಟಿತು. ಕೂಡಿದ ಲೆಕ್ಕವನ್ನು ಅನುಮಾನಿಸುವ ಅಭ್ಯಾಸ ಎಂಜಿನಿಯರುಗಳಿಗೆ ಇರಬೇಕಿತ್ತು, ಇರಲಿಲ್ಲ ನೋಡಿ.

ಡಾಕ್ಟರು ಚಾಪೆ ಸುತ್ತಿಕೊಂಡು ಬರುವಾಗ ರಾಯರ ಮುಖ ಕಪ್ಪಿಟ್ಟಿತ್ತು.

"ನಿನ್ನೆ ನಡುವಿನ ಕಾರ್ಬ್ಯುರೇಟರ್‌ಗೆ ಏನು ಮಾಡಿದ್ರಿ ಡಾಕ್ಟ್ರೇ?"

ಡಾಕ್ಟರು ನಿಂತಲ್ಲೇ ನಿಂತರು.

"ನಾನು ಕಿಟಕಿಯಿಂದ ನೋಡ್ದೆ. ಈಗ ಮುಚ್ಕೊಳ್ತಾ ಇಲ್ಲ. ಓಡಿಸೋ ಆಸೆ ಇದ್ದಿದ್ರೆ ಇನ್ನೊಂದು ಸಲ ಬಾಯಿಬಿಟ್ಟು ಕೇಳ್ಬಹುದಿತ್ತು. ಇಂಥದ್ದು ಮಾಡ್ಬೇಕಾಗಿರ್ಲಿಲ್ಲ."

"ರೀ, ಯಾರಿಗೆ ಏನು ಹೇಳ್ತಿದೀರಿ?" ಎಂದು ಪದ್ಮ ಕುರ್ಚಿಯಿಂದ ಎದ್ದರು.

ಡಾಕ್ಟರ ಮುಖ ಬಣ್ಣ ಕಳೆದುಕೊಂಡಿತು. ರಾಯರು ಅದನ್ನೂ ತಮ್ಮ ಲೆಕ್ಕಕ್ಕೆ ಕೂಡಿಸಿಕೊಂಡರು. ಡಾಕ್ಟರು ಚಾಪೆಯನ್ನು ಟ್ರೈಲರಿನ ಮೇಲಿಟ್ಟು, ತಮ್ಮ ಪೆಟ್ಟಿಗೆಯಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದರು. ಹಣೆಗೆ ದೀಪ ಕಟ್ಟಿಕೊಂಡರು. ನಡುವಿನ ಮುಚ್ಚಳವನ್ನು ಬೆರಳಿನಿಂದ ತೆರೆದು ಹಿಡಿದು, ಕನ್ನಡಿಯನ್ನು ಒಳಗಿಳಿಸಿ, ದವಡೆ ಹಲ್ಲು ನೋಡುವಂತೆ ಅತ್ತಿತ್ತ ಹೊರಳಿಸಿದರು. ಆಮೇಲೆ ಸಣ್ಣ ಇಕ್ಕಳ ಒಳಗೆ ಹೋಯಿತು. ಹೊರಗೆ ಬಂದದ್ದನ್ನು ಅವರು ತಮ್ಮ ಅಂಗೈ ಮೇಲಿಟ್ಟುಕೊಂಡು ರಾಯರ ಮುಂದೆ ಹಿಡಿದರು.

ಒಂದು ಕಾಳು ಅಕ್ಕಿ. ಪೆಟ್ರೋಲಿನಲ್ಲಿ ನೆನೆದು ಬಿಳಿಚಿಕೊಂಡಿತ್ತು, ಆದರೂ ಅರಿಶಿನ ಇನ್ನೂ ಕಾಣುತ್ತಿತ್ತು.

ರಾಯರು ನೋಡಿದರು. ಅರ್ಥವಾಗಲಿಲ್ಲ. ಮತ್ತೆ ನೋಡಿದರು.

ಡಾಕ್ಟರು ಅಂಗಿಯ ಜೇಬಿನಿಂದ ಹತ್ತಿ ಇಡುವ ಚಪ್ಪಟೆ ಡಬ್ಬಿಯನ್ನು ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಹತ್ತಿಯ ಮೇಲೆ ಹಳದಿ ಅಕ್ಕಿಕಾಳುಗಳಿದ್ದವು. ಕೈಯಲ್ಲಿದ್ದದ್ದನ್ನೂ ಅವುಗಳ ಜೊತೆ ಹಾಕಿದರು.

"ಎಲ್ಲಾ ತಗದೇನಿ ಅಂದ್ಕೊಂಡಿದ್ದೆ. ತುಪ್ಪ ಹಚ್ಚಿತ್ತಲ್ರಿ, ಇದೊಂದು ಮುಚ್ಚಳದ ಅಂಚಿಗೆ ಅಂಟ್ಕೊಂಡು ಉಳದಿತ್ತು. ತಪ್ಪು ನಂದ."

"ನಾನು ಹಾಕಿದ ಅಕ್ಷತೆ ಒಳಗೆ ಬಿದ್ದದ್ದು ನಿಮಗೆ ಗೊತ್ತಿತ್ತಾ?"

"ಕಣ್ಣ ಮುಂದ ಬೀಳಾಕತ್ತಿತ್ತು."

"ಮತ್ತೆ ಹೇಳೋಕೇನಾಗಿತ್ತು ನಿಮಗೆ?" ರಾಯರ ದನಿಯಲ್ಲಿ ಸಿಟ್ಟಿತ್ತೋ ಅಳುವಿತ್ತೋ ಅವರಿಗೇ ಗೊತ್ತಾಗಲಿಲ್ಲ.

"ಹೆಂಗ ಹೇಳ್ಲಿ ರಾಯರ? ನೀವು ಕಣ್ಣ ಮುಚ್ಚಿ ಮಂತ್ರ ಹೇಳಾಕತ್ತಿದ್ರಿ. ವೈನಿ ಕೈ ಮುಗಕೊಂಡು ನಿಂತಿದ್ರು. ಅಂಥಾ ಹೊತ್ತಿನ್ಯಾಗ ನಡುವ ಬಾಯಿ ಹಾಕಿ, ಅಕ್ಕಿ ಹಾಕಬ್ಯಾಡ್ರಿ ಅನ್ನೂದು... ಅದೂ ನಾನು."

ಪದ್ಮ ಹತ್ತಿರ ಬಂದು ಡಬ್ಬಿಯೊಳಗೆ ಇಣುಕಿದರು. "ಇದನ್ನ ಯಾಕೆ ಜೋಪಾನ ಮಾಡಿಟ್ಕೊಂಡಿದೀರಿ?"

"ಅಕ್ಷತಿ ಕಾಲಿಗೆ ಸಿಗಬಾರ್ದು ಅಂತ ನೀವ ಒಮ್ಮೆ ಅಂದಿದ್ರಿ ವೈನಿ. ಎಲ್ಲಿ ಹಾಕಬೇಕು ಅಂತ ಗೊತ್ತಾಗ್ಲಿಲ್ಲ. ನಿಮ್ಮನ್ನ ಕೇಳಿದ್ರ ರಾಯರಿಗೆ ತಿಳದ ಬಿಡ್ತಿತ್ತು."

ರಾಯರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆರು ವರ್ಷ ಜೊತೆಗೆ ರೊಟ್ಟಿ ತಿಂದ ಮನುಷ್ಯ. ಆ ಕಿಟಕಿಯಲ್ಲಿ ಕಂಡದ್ದು ತಮ್ಮ ಮರ್ಯಾದೆ ಉಳಿಸಲು ಕದ್ದುಮುಚ್ಚಿ ಕೆಲಸ ಮಾಡುತ್ತಿದ್ದ ಗೆಳೆಯ. ಅದೇ ಕಿಟಕಿಯಲ್ಲಿ ತಾವು ಕಂಡುಕೊಂಡದ್ದು ಕಳ್ಳನನ್ನು. ಒಂದು ಫೋನಿನ ಪ್ರಶ್ನೆಯಿಂದ ಇಷ್ಟು ದೂರ ಹೇಗೆ ಬಂದೆ ಎಂದು ಎಷ್ಟು ಹುಡುಕಿದರೂ ದಾರಿ ಸಿಗಲಿಲ್ಲ.

"ನೀವು ಕೂತ್ಕೊಳ್ಳಿ ಡಾಕ್ಟ್ರೇ. ನೀವೇ ಓಡಿಸಿ" ಎಂದು ತಮ್ಮ ಹೆಲ್ಮೆಟ್ಟನ್ನು ಮುಂದೆ ಹಿಡಿದರು.

ಡಾಕ್ಟರು ಅದನ್ನು ಮುಟ್ಟಲಿಲ್ಲ. "ಓಡಿಸೂ ಆಸೆ ನನಗ ಇತ್ರಿ, ಸುಳ್ಳ ಯಾಕ ಹೇಳಲಿ. ನಿಮಗ ಚಕ್ಕರ್ ಬಂದದ್ದಕ್ಕ ಅಂಜಿಕಿನೂ ಇತ್ತು. ಆದ್ರ ಈಗ ಕೊಟ್ರ ಅದು ತಪ್ಪುಕಾಣಿಕಿ ಆಗ್ತೈತಿ. ತಪ್ಪುಕಾಣಿಕಿ ಇಸ್ಗೊಳಾಕ ನಾನೇನು ದೇವರಲ್ಲ. ಕುಂದರ್ರಿ, ಟೈಮ್ ಆಗಾಕತ್ತೈತಿ."

ಕಡ್ಡಿಗಳನ್ನು ಮತ್ತೆ ಜೋಡಿಸಿದರು. ಡಾಕ್ಟರು ಮೂರು ಬಾಯಿಗಳಲ್ಲೂ ಕನ್ನಡಿ ಆಡಿಸಿ ನೋಡಿ, ಅದೇ ಕನ್ನಡಿಯನ್ನು ರಾಯರ ಕೈಗೆ ಕೊಟ್ಟರು.

"ನೀವೂ ಒಮ್ಮೆ ನೋಡಿ ಕುಂದರ್ರಿ. ನಿನ್ನೆನೂ ನಾನ ನೋಡಿದ್ದೆ, ಒಂದು ಉಳದಿತ್ತು."

ರಾಯರು ಕನ್ನಡಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತರು. ಸ್ವಂತ ಕಣ್ಣಿನಿಂದ ನೋಡದೆ ಕಾರ್ಖಾನೆಯಲ್ಲಿ ಒಂದು ನಟ್ಟಿಗೂ ಸೈ ಎಂದವರಲ್ಲ ಅವರು. ನೋಡುವುದೇ ಸರಿಯಾದ ಕ್ರಮ, ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ.

"ನೀವು ನೋಡಿದ್ರಲ್ಲ" ಎಂದು ಕನ್ನಡಿಯನ್ನು ವಾಪಸು ಕೊಟ್ಟು ಹೆಲ್ಮೆಟ್ ಹಾಕಿಕೊಂಡರು.

ಡಾಕ್ಟರು ಕನ್ನಡಿಯನ್ನು ಒರೆಸಿ ಪೆಟ್ಟಿಗೆಗೆ ಹಾಕಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಆಮೇಲೆ ಬಂದು ರಾಯರ ಭುಜದ ಬೆಲ್ಟುಗಳನ್ನು ಒಂದೊಂದಾಗಿ ಎಳೆದು ಬಿಗಿ ಮಾಡಿದರು. "ನೀರ ಕುಡದೀರೇನು?" ಎಂದು ಕೇಳಿದರು. ರಾಯರು ತಲೆಯಾಡಿಸಿದರು. ಬಿಳಿ ಜಡೆಯ ಹೆಂಗಸು ಬಂದು ಪೆಡಲ್ ಒತ್ತಿ ಬಿಟ್ಟು, ಮತ್ತೂ ಒಮ್ಮೆ ಒತ್ತಿ ಬಿಟ್ಟು, ಹೆಬ್ಬೆರಳೆತ್ತಿ ತೋರಿಸಿ ಹೋದರು.

ಹಸಿರು ದೀಪ ಹತ್ತಿದ್ದು ರಾಯರಿಗೆ ಆಮೇಲೆ ನೆನಪಿರಲಿಲ್ಲ. ಬೆನ್ನಿಗೆ ಯಾರೋ ಒದ್ದ ಹಾಗಾಯಿತು, ಮುಂದಿನ ಸಣ್ಣ ಚಕ್ರಗಳು ನೆಲ ಬಿಟ್ಟು ಮತ್ತೆ ಕೂತವು, ಎರಡೂ ಬದಿಯ ಜೋಳದ ಹೊಲ ಕರಗಿ ಹಳದಿ ಗೋಡೆಯಾಯಿತು. ಇದನ್ನು ಯಾಕೆ ಮಾಡುತ್ತಿದ್ದೇನೆ ಎಂಬ ಪ್ರಶ್ನೆ ಅಲ್ಲೂ ಬಂತು. ಉತ್ತರ ಅಲ್ಲೂ ಬರಲಿಲ್ಲ. ಕೊನೆಯ ಕಂಬ ಕಂಡಿತು. ಆಗ ಅವರಿಗೆ ಗೆದ್ದೆನೋ ಸೋತೆನೋ, ಎಷ್ಟು ಮೈಲಿ ವೇಗವೋ ಯಾವುದೂ ಬೇಕಿರಲಿಲ್ಲ. ಕಾಲೆತ್ತಬೇಕು, ಎತ್ತಿದರೆ ಇಳಿಯಬೇಕು. ಅಷ್ಟೇ.

ಕಾಲೆತ್ತಿದರು.

ಸದ್ದು ತಟಕ್ಕನೆ ಇಳಿಯಿತು. ಬ್ರೇಕ್ ಹಿಡಿಯಿತು. ಗಾಡಿ ಕೊನೆಯ ಬಯಲಿನಲ್ಲಿ ನಿಧಾನವಾಗಿ ನಿಂತಾಗ ರಾಯರು ಎಂಜಿನ್ ಆರಿಸಿ, ಬೆಲ್ಟು ಬಿಚ್ಚುವುದನ್ನೂ ಮರೆತು ಹಾಗೇ ಕೂತರು. ಹೆಲ್ಮೆಟ್ಟಿನೊಳಗೆ ಕೆನ್ನೆ ಒದ್ದೆಯಾಗಿತ್ತು.

ಎಳೆದುಕೊಂಡು ಹೋಗಲು ಪಿಕಪ್ ತಂದ ಡಾಕ್ಟರು ಕೆಳಗಿಳಿದವರೇ ಕೇಳಿದ ಮೊದಲ ಮಾತು, "ಇಳೀತೇನ್ರಿ?"

"ಇಳೀತು."

ಡಾಕ್ಟರು ಉಸಿರು ಬಿಟ್ಟರು. ಇಷ್ಟು ಹೊತ್ತೂ ಅದನ್ನು ಹಿಡಿದುಕೊಂಡೇ ಇದ್ದರೇನೋ. ಹಗ್ಗ ಬಿಗಿಯಲು ಬಗ್ಗಿದರು. ವಾಪಸು ಹೋಗುವ ದಾರಿ ಮಣ್ಣಿನದು, ಮುಂದಿನ ಪಿಕಪ್ ಎಬ್ಬಿಸುವ ಧೂಳೆಲ್ಲ ಎಂಜಿನ್ನಿಗೇ ಬರುತ್ತದೆ. ರಾಯರು ಪಂಜರದಿಂದ ಕಷ್ಟಪಟ್ಟು ಹೊರಗೆ ಬಂದು, ಡಾಕ್ಟರ ಹೆಗಲ ಮೇಲಿದ್ದ ಹಸಿರು ಟವೆಲನ್ನು ತೆಗೆದುಕೊಂಡರು. ಅದನ್ನು ಬಿಡಿಸಿ ಮೂರು ಬಾಯಿಗಳ ಮೇಲೂ ಹೊದಿಸಿ, ಗಾಳಿಗೆ ಹಾರದಂತೆ ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ಸಿಕ್ಕಿಸಿದರು.